ಜೀವವೈವಿಧ್ಯ ಸಂರಕ್ಷಣೆ: ರಾಷ್ಟ್ರದ ಯೋಜನೆ, ಗ್ರಾಮದ ದಾಖಲೆ, ರೈತನ ಬೀಜ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬದಿಗೆ ಗಜನಿ ಎಂದು ಕರೆಯುವ ತಗ್ಗು ಗದ್ದೆಗಳಿವೆ. ಉಬ್ಬರದ ಉಪ್ಪುನೀರು ಸೇರುವ ಈ ಗದ್ದೆಗಳಲ್ಲಿ ಸಾಮಾನ್ಯ ಭತ್ತದ ತಳಿಗಳು ಬದುಕುವುದಿಲ್ಲ. ಅಲ್ಲಿ ಬೆಳೆಯುವುದು ಕಗ್ಗ ಎಂಬ ನಾಟಿ ಭತ್ತ. ಎತ್ತರವಾಗಿ ಬೆಳೆದು, ಉಪ್ಪನ್ನೂ ನಿಂತ ನೀರನ್ನೂ ಸಹಿಸಿಕೊಂಡು ತೆನೆ ಬಿಡುವ ಈ ತಳಿಯನ್ನು ಯಾವ ಸಂಶೋಧನಾ ಕೇಂದ್ರವೂ ತಯಾರಿಸಲಿಲ್ಲ. ತಲೆಮಾರುಗಳಿಂದ ಅಲ್ಲಿನ ರೈತರೇ ಆರಿಸಿ, ಉಳಿಸಿ, ಬಿತ್ತಿಕೊಂಡು ಬಂದ ತಳಿ ಅದು. ಕಟ್ಟೆಗಳು ಶಿಥಿಲವಾಗಿ, ಸೀಗಡಿ ಸಾಕಣೆ ಹೆಚ್ಚಿದಂತೆ ಗಜನಿಯ ಬೇಸಾಯ ಹಿಂದೆ ಸರಿದಿದೆ. ಕಗ್ಗ ಬಿತ್ತುವವರೂ ಕಡಿಮೆಯಾಗಿದ್ದಾರೆ.

ಭತ್ತದ ಬೀಜ ಮನೆಯ ಕಣಜದಲ್ಲಿ ಒಂದೆರಡು ವರ್ಷಗಳಲ್ಲಿಯೇ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬೇರೆಲ್ಲೂ ಕೂಡಿಡದ ಒಂದು ತಳಿಯನ್ನು ಅದರ ಕೊನೆಯ ರೈತ ಬಿತ್ತುವುದನ್ನು ನಿಲ್ಲಿಸಿದರೆ, ಮೂರು ನಾಲ್ಕು ವರ್ಷಗಳಲ್ಲಿ ಆ ತಳಿಯೇ ಇಲ್ಲವಾಗುತ್ತದೆ. ಅನಂತರ ಯಾವ ಕಾಯಿದೆಯೂ, ಎಷ್ಟು ಹಣವೂ ಅದನ್ನು ಮರಳಿ ತರಲಾರದು. ಜೀವವೈವಿಧ್ಯದ ರಕ್ಷಣೆಗೆ ನಮ್ಮ ರಾಷ್ಟ್ರ ಕೈಗೊಂಡಿರುವ ನೀತಿ ಮತ್ತು ಯೋಜನೆಗಳು ಯಾವುವು, ಅವುಗಳಲ್ಲಿ ರೈತನಿಗಿರುವ ಹಕ್ಕು ಮತ್ತು ಹೊಣೆಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಜೀವವೈವಿಧ್ಯ ಎಂದರೇನು?

ಒಂದು ಪ್ರದೇಶದಲ್ಲಿರುವ ಸಸ್ಯ, ಪ್ರಾಣಿ ಹಾಗೂ ಸೂಕ್ಷ್ಮ ಜೀವಿಗಳ ಬಗೆಬಗೆಯ ಸಂಪತ್ತಿಗೆ ಜೀವವೈವಿಧ್ಯ ಎನ್ನುತ್ತಾರೆ. ಇದನ್ನು ಮೂರು ಹಂತಗಳಲ್ಲಿ ಗುರುತಿಸಬಹುದು. ಮೊದಲನೆಯದು, ಕಾಡು, ಕೆರೆ, ಹುಲ್ಲುಗಾವಲು, ಗದ್ದೆಬಯಲು ಮುಂತಾದ ನೆಲೆಗಳ ವೈವಿಧ್ಯ. ಎರಡನೆಯದು, ಆ ನೆಲೆಗಳಲ್ಲಿ ಬದುಕುವ ಜೀವಜಾತಿಗಳ ವೈವಿಧ್ಯ. ಮೂರನೆಯದು, ಒಂದೇ ಜಾತಿಯೊಳಗಿನ ತಳಿಗಳ ವೈವಿಧ್ಯ. ರಾಗಿ ಒಂದೇ ಬೆಳೆಯಾದರೂ ಕರಿಗಿಡ್ಡ, ಹಸಿರುಕಂಬಿ, ಉದುರುಮಲ್ಲಿಗೆ ಬೇರೆ ಬೇರೆ ತಳಿಗಳು. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ, ಕೃಷ್ಣಾ ತೀರದ ದನ ಎಲ್ಲವೂ ದನಗಳೇ ಆದರೂ ಒಂದೊಂದರ ಗುಣ ಬೇರೆ.

ಭಾರತದ ಭೂಭಾಗ ಪ್ರಪಂಚದ ಶೇಕಡ 2.4ರಷ್ಟು ಮಾತ್ರ. ಆದರೆ ಈವರೆಗೆ ಗುರುತಿಸಿರುವ ಜೀವಜಾತಿಗಳಲ್ಲಿ ಶೇಕಡ 7ರಿಂದ 8ರಷ್ಟು ಇಲ್ಲಿವೆ. ಇವುಗಳಲ್ಲಿ ಕಾಡಿನ ಹುಲಿ, ಆನೆಗಳ ಬಗ್ಗೆ ಎಲ್ಲರಿಗೂ ಗೊತ್ತು. ಹೊಲದ ಬದುವಿನ ಕಾಡು ಭತ್ತ, ಹಿತ್ತಲಿನ ಬದನೆ, ಹೂವಿಗೆ ಬರುವ ಜೇನು, ಮಣ್ಣಿನ ಎರೆಹುಳುಗಳೂ ಇದೇ ಸಂಪತ್ತಿಗೆ ಸೇರಿದವು ಎಂಬುದು ಅನೇಕರಿಗೆ ತಿಳಿದಿಲ್ಲ.

ತಳಿಗಳ ವೈವಿಧ್ಯ ಏಕೆ ಬೇಕು?

ಹೆಚ್ಚು ಇಳುವರಿ ಕೊಡುವ ಒಂದೇ ತಳಿಯನ್ನು ಎಲ್ಲ ಕಡೆಯೂ ಬೆಳೆದರೆ ಸಾಲದೇ ಎಂದು ಕೇಳುವುದುಂಟು. ಅದಕ್ಕೆ 1970ರಲ್ಲಿ ಅಮೆರಿಕದ ರೈತರಿಗಾದ ಅನುಭವವೇ ಉತ್ತರ. ಅಲ್ಲಿ ಆಗ ಬೆಳೆಯುತ್ತಿದ್ದ ಮುಸುಕಿನ ಜೋಳದ ಹೈಬ್ರಿಡ್‌ಗಳಲ್ಲಿ ಬಹುಪಾಲು ಒಂದೇ ಮೂಲದ ಗಂಡುಬಂಜೆ ಗುಣವನ್ನು ಹೊಂದಿದ್ದವು. ಆ ಗುಣವಿದ್ದ ಗಿಡಗಳನ್ನೇ ಹೆಚ್ಚಾಗಿ ಬಾಧಿಸುವ ಎಲೆ ಅಂಗಮಾರಿ ರೋಗ ಹರಡಿ, ಒಂದೇ ಹಂಗಾಮಿನಲ್ಲಿ ದೇಶದ ಬೆಳೆಯ ಸುಮಾರು ಶೇಕಡ 15ರಷ್ಟು ನಾಶವಾಯಿತು. ಎಲ್ಲ ಹೊಲಗಳಲ್ಲಿಯೂ ಒಂದೇ ದೌರ್ಬಲ್ಯವಿದ್ದುದರಿಂದ ರೋಗಕ್ಕೆ ಎಲ್ಲಿಯೂ ತಡೆ ಸಿಗಲಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಕಂದು ಜಿಗಿಹುಳುವಿನಿಂದ ಹರಡುವ ಗ್ರಾಸಿ ಸ್ಟಂಟ್ ಎಂಬ ನಂಜುರೋಗ ಏಷ್ಯಾದ ಭತ್ತದ ಬೆಳೆಯನ್ನು ಕಾಡುತ್ತಿದ್ದಾಗ, ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಾವಿರಾರು ತಳಿಗಳನ್ನು ಪರೀಕ್ಷಿಸಿದರು. ರೋಗ ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಒರೈಜಾ ನಿವಾರ ಎಂಬ ಕಾಡು ಭತ್ತದಲ್ಲಿ. ಕಳೆಯೆಂದು ಕಿತ್ತೆಸೆಯುವ ಈ ಹುಲ್ಲಿನ ಗುಣವನ್ನು ಪಡೆದ ತಳಿಗಳು ಮುಂದೆ ಏಷ್ಯಾದ ಲಕ್ಷಾಂತರ ಎಕರೆಗಳಲ್ಲಿ ಬೆಳೆದವು.

ಕರ್ನಾಟಕದ ರಾಗಿ ಬೆಳೆಗಾರರಿಗೆ ಇನ್ನೂ ಹತ್ತಿರದ ಉದಾಹರಣೆ ಇಂಡಾಫ್ ತಳಿಗಳು. ಡಾ. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಿಸಿ ಈ ತಳಿಗಳನ್ನು ರೂಪಿಸಿದರು. ಇಂಡಿಯಾ ಮತ್ತು ಆಫ್ರಿಕದ ಹೆಸರು ಕೂಡಿಯೇ 'ಇಂಡಾಫ್' ಆಯಿತು. 1970ರ ದಶಕದಿಂದ ಇವು ರಾಗಿಯ ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದವು. ಅನಂತರ ಬಂದ, ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿಪಿಯು-28 ತಳಿಯೂ ಇಂಡಾಫ್ ವಂಶದ್ದೇ. ಎರಡೂ ಕಡೆಯ ರೈತರು ತಮ್ಮ ನಾಟಿ ರಾಗಿಯನ್ನು ಉಳಿಸಿಕೊಂಡಿರದಿದ್ದರೆ ಈ ಸಂಕರಣಕ್ಕೆ ತಾಯಿತಂದೆಗಳೇ ಇರುತ್ತಿರಲಿಲ್ಲ.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಸುಧಾರಿತ ತಳಿಗೂ ನಾಟಿ ತಳಿಗೂ ವೈರವಿಲ್ಲ. ಸುಧಾರಿತ ತಳಿ ಇಂದಿನ ಇಳುವರಿಗೆ ಬೇಕು. ನಾಟಿ ತಳಿ ನಾಳೆಯ ಸುಧಾರಿತ ತಳಿಗೆ ಬೇಕು. ನಾಟಿ ತಳಿಯನ್ನು ಉಳಿಸಿ ಎಂದರೆ ಜಮೀನಿನ ತುಂಬ ಅದನ್ನೇ ಬೆಳೆಯಿರಿ ಎಂದು ಅರ್ಥವಲ್ಲ. ಒಂದೆರಡು ಗುಂಟೆ ಸಾಕು.

ರಾಷ್ಟ್ರೀಯ ನೀತಿ ನಡೆದು ಬಂದ ದಾರಿ

ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಮನೆಮನೆಗಳ ವಾಡಿಕೆ. ಇದೇ ಉಪಯೋಗಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳ ಆಧಾರ ಒದಗಿಸಿ ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನಿಂದ ಶಿಲೀಂಧ್ರನಾಶಕ ತಯಾರಿಸುವ ವಿಧಾನಕ್ಕೆ ಯುರೋಪಿನಲ್ಲಿ ಕೊಟ್ಟಿದ್ದ ಪೇಟೆಂಟನ್ನು 2000ದಲ್ಲಿ ರದ್ದುಪಡಿಸಲಾಯಿತು; ಮೇಲ್ಮನವಿಯ ನಂತರ 2005ರಲ್ಲಿ ಆ ತೀರ್ಪು ಖಾಯಂ ಆಯಿತು. ಎರಡರಲ್ಲಿಯೂ ಗೆಲುವು ದೊರೆತದ್ದು ಹಿಂದಿನಿಂದ ಬಳಕೆಯಲ್ಲಿತ್ತು ಎಂಬುದಕ್ಕೆ ಸಾಕ್ಷ್ಯ ಇದ್ದುದರಿಂದ. ಬರವಣಿಗೆಯಲ್ಲಿ ಇಲ್ಲದ, ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ತಿಳಿವಳಿಕೆಗೆ ಇಂಥ ಸಾಕ್ಷ್ಯ ಒದಗಿಸುವುದು ಕಷ್ಟ.

ಈ ಹಿನ್ನೆಲೆಯಲ್ಲಿ ರಾಷ್ಟ್ರವು ಇಟ್ಟ ಮುಖ್ಯ ಹೆಜ್ಜೆಗಳು ಹೀಗಿವೆ.

1. 1992ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ಜೀವವೈವಿಧ್ಯ ಒಪ್ಪಂದವನ್ನು ಸಹಿಗೆ ತೆರೆಯಲಾಯಿತು. ಭಾರತ ಅದನ್ನು 1994ರಲ್ಲಿ ಸ್ಥಿರೀಕರಿಸಿತು. ಒಂದು ದೇಶದ ಜೀವಸಂಪತ್ತಿನ ಮೇಲೆ ಆ ದೇಶಕ್ಕೇ ಅಧಿಕಾರವಿದೆ ಎಂಬುದನ್ನು ಈ ಒಪ್ಪಂದ ಮಾನ್ಯ ಮಾಡಿತು.

2. 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬಂದಿತು.

3. 2002ರಲ್ಲಿ ಜೀವವೈವಿಧ್ಯ ಕಾಯಿದೆ ರಚಿತವಾಯಿತು. 2003ರಲ್ಲಿ ಚೆನ್ನೈಯಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ, ಅದೇ ವರ್ಷ ಕರ್ನಾಟಕ ಜೀವವೈವಿಧ್ಯ ಮಂಡಳಿ ಸ್ಥಾಪನೆಯಾದವು.

4. 2008ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಕ್ರಿಯಾ ಯೋಜನೆ ಪ್ರಕಟವಾಯಿತು. 2014ರಲ್ಲಿ ಅದಕ್ಕೆ 12 ರಾಷ್ಟ್ರೀಯ ಗುರಿಗಳನ್ನು ಸೇರಿಸಲಾಯಿತು.

5. ಜೀವವೈವಿಧ್ಯ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, ಅದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

6. ಪ್ರಪಂಚದ ರಾಷ್ಟ್ರಗಳು 2022ರಲ್ಲಿ ಒಪ್ಪಿದ ಹೊಸ ಗುರಿಗಳಿಗೆ ಅನುಗುಣವಾಗಿ, 2024ರಲ್ಲಿ ಭಾರತವು 23 ಗುರಿಗಳ ಪರಿಷ್ಕೃತ ಯೋಜನೆಯನ್ನು ಪ್ರಕಟಿಸಿತು. ಈ ಗುರಿಗಳನ್ನು 2030ರೊಳಗೆ ಸಾಧಿಸಬೇಕೆಂಬುದು ಉದ್ದೇಶ. ತಳಿ ವೈವಿಧ್ಯದ ರಕ್ಷಣೆ, ಕೀಟನಾಶಕಗಳ ಹಾನಿಯನ್ನು ತಗ್ಗಿಸುವುದು, ಜೀವಸಂಪತ್ತಿನಿಂದ ಬರುವ ಲಾಭದ ನ್ಯಾಯವಾದ ಹಂಚಿಕೆ ಇವು ನೇರವಾಗಿ ಬೇಸಾಯಕ್ಕೆ ಸಂಬಂಧಿಸಿದವು.

ಮೂರು ಹಂತದ ವ್ಯವಸ್ಥೆ

ಜೀವವೈವಿಧ್ಯ ಕಾಯಿದೆಯು ರಾಷ್ಟ್ರ, ರಾಜ್ಯ, ಗ್ರಾಮ ಎಂಬ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ವಿದೇಶಿಯರು ಅಥವಾ ವಿದೇಶಿ ಸಂಸ್ಥೆಗಳು ನಮ್ಮ ಜೀವಸಂಪತ್ತನ್ನು ಪಡೆಯಬೇಕಾದರೆ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ದೇಶದ ಕಂಪನಿಗಳು ವ್ಯಾಪಾರಕ್ಕಾಗಿ ಬಳಸುವುದಾದರೆ ರಾಜ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ಗ್ರಾಮ ಮಟ್ಟದಲ್ಲಿ ಗ್ರಾಮ ಪಂಚಾಯಿತಿಯು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಪ್ರಾಧಿಕಾರ ಮತ್ತು ಮಂಡಳಿಗಳು ಆ ಸಮಿತಿಯ ವ್ಯಾಪ್ತಿಯ ಜೀವಸಂಪತ್ತಿನ ಬಗ್ಗೆ ತೀರ್ಮಾನ ಕೈಗೊಳ್ಳುವಾಗ ಅದರೊಡನೆ ಸಮಾಲೋಚಿಸತಕ್ಕದ್ದು. ವ್ಯಾಪಾರಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವನ್ನೂ ಸಮಿತಿಗೆ ಕೊಡಲಾಗಿದೆ.

ಲಾಭದಲ್ಲಿ ಪಾಲು ಕೊಡುವುದು ಕೇವಲ ಕಾಗದದ ಮಾತಲ್ಲ ಎಂಬುದಕ್ಕೆ ಕೇರಳದ ಕಾಣಿ ಬುಡಕಟ್ಟಿನವರ ಉದಾಹರಣೆಯುಂಟು. ಆರೋಗ್ಯಪಚ್ಚ ಎಂಬ ಕಾಡುಗಿಡದ ಹಣ್ಣು ತಿಂದರೆ ದಣಿವು ನೀಗುತ್ತದೆಂಬುದನ್ನು ಅವರು ವಿಜ್ಞಾನಿಗಳಿಗೆ ತಿಳಿಸಿದರು. ಅದರಿಂದ ತಯಾರಾದ ಔಷಧಿಯ ಪರವಾನಗಿ ಶುಲ್ಕ ಮತ್ತು ರಾಯಧನದಲ್ಲಿ ಅರ್ಧ ಪಾಲನ್ನು 1990ರ ದಶಕದಲ್ಲಿಯೇ, ಅಂದರೆ ಕಾಯಿದೆ ಬರುವ ಮುನ್ನವೇ, ಅವರಿಗೆ ಗೊತ್ತುಪಡಿಸಲಾಯಿತು.

ಪಾರಂಪರಿಕ ತಾಣಗಳನ್ನು ಘೋಷಿಸಲೂ ಕಾಯಿದೆಯಲ್ಲಿ ಅವಕಾಶವಿದೆ. ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಗಿ 2007ರಲ್ಲಿ ಘೋಷಿತವಾದದ್ದು ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು. ಇದರ ವಿಸ್ತಾರ ಸುಮಾರು 54 ಎಕರೆ. ಅನಂತರ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣಕ್ಕೂ ಈ ಮಾನ್ಯತೆ ದೊರೆತಿದೆ.

2023ರ ತಿದ್ದುಪಡಿಯಿಂದ ಕೆಲವು ವಿನಾಯಿತಿಗಳೂ ಬಂದಿವೆ. ಬೆಳೆಸಿದ ಔಷಧಿ ಸಸ್ಯಗಳಿಗೆ ಲಾಭ ಹಂಚಿಕೆಯಿಂದ ವಿನಾಯಿತಿಯುಂಟು. ಅದು ಬೆಳೆಸಿದ್ದೇ ಎಂಬುದಕ್ಕೆ ನಿರ್ವಹಣಾ ಸಮಿತಿಯ ಮೂಲ ಪ್ರಮಾಣಪತ್ರ ಬೇಕು. ಔಷಧಿ ಗಿಡ ಬೆಳೆಯುವ ರೈತರು ಇದನ್ನು ತಿಳಿದಿರಬೇಕು. ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನದ ಬಳಕೆಗೂ ವಿನಾಯಿತಿ ಕೊಡಲಾಗಿದೆ. ಇದರಿಂದ ಹಳ್ಳಿಗಳಿಗೆ ಬರಬೇಕಾದ ಪಾಲು ಕಡಿಮೆಯಾದೀತೆಂಬ ಆಕ್ಷೇಪಣೆಯೂ ಉಂಟು.

ಬೀಜದ ಮೇಲೆ ರೈತನ ಹಕ್ಕುಗಳು

2001ರ ಕಾಯಿದೆಯು ತಳಿ ರೂಪಿಸಿದವರಿಗೆ ಕೊಡುವಂತೆಯೇ ರೈತರಿಗೂ ಹಕ್ಕುಗಳನ್ನು ಕೊಟ್ಟಿದೆ. ಅವುಗಳಲ್ಲಿ ಮುಖ್ಯವಾದವು:

ಅ) ನೋಂದಾಯಿತ ತಳಿಯೇ ಆದರೂ ತನ್ನ ಹೊಲದಲ್ಲಿ ಬೆಳೆದ ಬೀಜವನ್ನು ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ಆದರೆ ಆ ತಳಿಯ ಹೆಸರಿನ ಚೀಟಿ ಅಂಟಿಸಿದ ಚೀಲ, ಪೊಟ್ಟಣಗಳಲ್ಲಿ ಬ್ರಾಂಡ್ ಬೀಜವಾಗಿ ಮಾರುವಂತಿಲ್ಲ.

ಆ) ತಾನು ಅಥವಾ ತನ್ನ ಊರಿನವರು ಉಳಿಸಿಕೊಂಡು ಬಂದ ತಳಿಯನ್ನು 'ರೈತರ ತಳಿ' ಎಂದು ನೋಂದಾಯಿಸಬಹುದು. ಇದಕ್ಕೆ ಶುಲ್ಕವಿಲ್ಲ. ರಕ್ಷಣೆಯ ಅವಧಿ ಬೆಳೆಗಳಿಗೆ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ.

ಇ) ಕಂಪನಿ ಮಾರಿದ ನೋಂದಾಯಿತ ತಳಿ ಹೇಳಿದಷ್ಟು ಫಲ ಕೊಡದಿದ್ದರೆ ಪರಿಹಾರ ಕೇಳಬಹುದು.

ಈ) ತಳಿಗಳನ್ನು ಸಂರಕ್ಷಿಸಿದ ಸಮುದಾಯಗಳಿಗೆ 10 ಲಕ್ಷ ರೂಪಾಯಿಗಳ ಪ್ರಶಸ್ತಿ ಇದೆ. ರೈತರಿಗೆ ವ್ಯಕ್ತಿಗತವಾಗಿಯೂ ಪುರಸ್ಕಾರಗಳಿವೆ.

ಈ ಹಕ್ಕುಗಳನ್ನು ತಿಳಿದಿರುವುದು ಎಷ್ಟು ಅಗತ್ಯ ಎಂಬುದಕ್ಕೆ 2019ರ ಒಂದು ಪ್ರಸಂಗ ಸಾಕ್ಷಿ. ನೋಂದಾಯಿತ ಆಲೂಗೆಡ್ಡೆ ತಳಿಯೊಂದನ್ನು ಅನುಮತಿಯಿಲ್ಲದೆ ಬೆಳೆದರೆಂದು ಗುಜರಾತಿನ ಕೆಲವು ರೈತರ ಮೇಲೆ ಒಂದು ಕಂಪನಿ ಭಾರಿ ಮೊತ್ತದ ಪರಿಹಾರ ಕೇಳಿ ದಾವೆ ಹೂಡಿತು. ನಾಲ್ವರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಕೇಳಲಾಗಿತ್ತು. ರೈತ ಸಂಘಟನೆಗಳು ಕಾಯಿದೆಯ ಮೇಲಿನ ಅಂಶವನ್ನೇ ಮುಂದಿಟ್ಟು ಪ್ರತಿಭಟಿಸಿದವು. ಅದೇ ವರ್ಷ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂದಕ್ಕೆ ಪಡೆಯಿತು.

ಗ್ರಾಮದ ದಾಖಲೆ: ಯೋಜನೆಯ ಬುನಾದಿ

ನಿರ್ವಹಣಾ ಸಮಿತಿಯ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು. ಜಮೀನಿಗೆ ಪಹಣಿ ಇದ್ದಂತೆ ಊರಿನ ಜೀವಸಂಪತ್ತಿಗೆ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಮತ್ತು ಅವರೊಡನಿದ್ದವರು 1990ರ ದಶಕದಲ್ಲಿ ಇಂಥ ದಾಖಲೆಗಳ ಪ್ರಯೋಗ ನಡೆಸಿದ್ದರು. ಕಾಯಿದೆ ಬಂದ ಮೇಲೆ ಅದು ಎಲ್ಲ ಊರುಗಳ ಕರ್ತವ್ಯವಾಯಿತು.

ಆದರೆ ಬಹುಕಾಲ ಹೆಚ್ಚಿನ ಪಂಚಾಯಿತಿಗಳಲ್ಲಿ ಈ ಕೆಲಸ ಆಗಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಗಡುವು ಕೊಟ್ಟು, 2020ರ ಫೆಬ್ರವರಿಯಿಂದ ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಿತು. ಇದರಿಂದಾಗಿ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಿತಿಗಳು ರಚನೆಯಾದವು. ಸಂಖ್ಯೆ ದೊಡ್ಡದೇ. ಆದರೆ ಗಡುವಿಗಾಗಿ ಅವಸರದಲ್ಲಿ ತುಂಬಿದ ದಾಖಲೆಗೂ ರೈತರನ್ನು ಕೂರಿಸಿಕೊಂಡು ಬರೆದ ದಾಖಲೆಗೂ ಬಹಳ ವ್ಯತ್ಯಾಸವಿದೆ. 'ಭತ್ತ, ರಾಗಿ, ಜೋಳ' ಎಂದು ಬರೆದರೆ ಪ್ರಯೋಜನವಿಲ್ಲ. ಅದು ಯಾವ ಊರಿಗಾದರೂ ಹೊಂದುತ್ತದೆ. ರಾಜಮುಡಿಯೋ ರತ್ನಚೂಡಿಯೋ ಗಂಧಸಾಲೆಯೋ, ಯಾವ ಬಯಲಿನಲ್ಲಿ ಎಷ್ಟು ಮಂದಿ ಬೆಳೆಯುತ್ತಾರೆ ಎಂಬುದು ಬೇಕು.

ಪ್ರತಿ ತಳಿಗೂ ಈ ವಿವರಗಳನ್ನು ಬರೆಸತಕ್ಕದ್ದು:

1. ಊರಿನಲ್ಲಿ ಕರೆಯುವ ಹೆಸರು, ಬೇರೆ ಹೆಸರುಗಳಿದ್ದರೆ ಅವು.
2. ಗಿಡದ ಎತ್ತರ, ತೆನೆಯ ಮತ್ತು ಕಾಳಿನ ಬಣ್ಣ, ಆಕಾರ, ಮೀಸೆ ಇದೆಯೇ ಇಲ್ಲವೇ.
3. ಬಿತ್ತುವ ಕಾಲ, ಬೆಳೆಯ ಅವಧಿ, ಹೊಂದುವ ಮಣ್ಣು.
4. ವಿಶೇಷ ಗುಣ: ಬರ, ನೆರೆ, ಉಪ್ಪು, ರೋಗ, ಕೀಟಗಳನ್ನು ತಡೆಯುವ ಶಕ್ತಿ.
5. ಅಡುಗೆ, ಮೇವು, ಹಬ್ಬ, ಬಾಣಂತಿ ಆರೈಕೆ ಮೊದಲಾದ ಉಪಯೋಗ.
6. ಎಷ್ಟು ಕಾಲದಿಂದ ಬೆಳೆಯಲಾಗುತ್ತಿದೆ, ಈಗ ಬೀಜ ಯಾರ ಬಳಿ ಇದೆ.

ಮನೆಗಳಲ್ಲಿ ಬೀಜ ಆರಿಸಿಡುವವರು ಹೆಚ್ಚಾಗಿ ಹೆಂಗಸರು. ಅವರನ್ನು ಕೇಳದೆ ಬರೆದ ದಾಖಲೆ ಅರ್ಧದ್ದೇ. ನಾಟಿ ವೈದ್ಯರು ತಮ್ಮ ಔಷಧಿಯ ಗುಟ್ಟನ್ನು ಬರೆಸಲೇಬೇಕೆಂದಿಲ್ಲ; ಗಿಡದ ಹೆಸರು ಮತ್ತು ಅದು ಸಿಗುವ ಸ್ಥಳವಷ್ಟನ್ನೇ ಬರೆಸಬಹುದು. ಹೊರಗಿನವರಿಗೆ ದಾಖಲೆ ತೋರಿಸುವಾಗ ಸಮಿತಿಯು ಎಚ್ಚರ ವಹಿಸಬೇಕು.

ಎರಡು ಕಾಯಿದೆಗಳಿಗೂ ಇಲ್ಲೊಂದು ಕೊಂಡಿಯಿದೆ. ರೈತರ ತಳಿಯ ನೋಂದಣಿ ಅರ್ಜಿಗೆ ದೃಢೀಕರಣ ನೀಡಬಲ್ಲವರಲ್ಲಿ ಈ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿ, ಜಿಲ್ಲಾ ಕೃಷಿ ಅಧಿಕಾರಿ, ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ನಿರ್ದೇಶಕರು ಸೇರಿದ್ದಾರೆ. ದಾಖಲೆ ಸರಿಯಾಗಿದ್ದರೆ ನೋಂದಣಿ ಸುಲಭ. ನಾಳೆ ಯಾರಾದರೂ ಆ ತಳಿಯನ್ನು ತಮ್ಮದೆಂದರೆ ಊರಿನ ಕೈಯಲ್ಲಿ ಸಾಕ್ಷ್ಯವೂ ಇರುತ್ತದೆ.

ಬೀಜ ಉಳಿಸುವ ಕ್ರಮ

ದಾಖಲೆಯಲ್ಲಿ ಹೆಸರು ಉಳಿದರೆ ಸಾಲದು, ಹೊಲದಲ್ಲಿ ಬೀಜ ಉಳಿಯಬೇಕು. ಇದಕ್ಕೆ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಭತ್ತ, ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಗಳು. ಬೇರೆ ತಳಿಯಿಂದ 3 ಮೀಟರ್ ಅಂತರ ಸಾಕು. ಮುಸುಕಿನ ಜೋಳ, ಸಜ್ಜೆಗಳಲ್ಲಿ ಪರಾಗ ಗಾಳಿಯಲ್ಲಿ ಬರುವುದರಿಂದ 200 ಮೀಟರ್ ಅಂತರವಿರಬೇಕು.

2. ಬೆಳೆ ನಿಂತಿರುವಾಗಲೇ, ಹೂವಿನ ಹಂತದಲ್ಲಿ ಒಮ್ಮೆ, ತೆನೆ ಮಾಗುವಾಗ ಇನ್ನೊಮ್ಮೆ ಬೆರಕೆ ಗಿಡಗಳನ್ನು ಕಿತ್ತುಹಾಕಬೇಕು.

3. ಬೀಜಕ್ಕೆ ಒಂದೇ ದೊಡ್ಡ ತೆನೆಯನ್ನು ಆರಿಸದೆ, ಹೊಲದ ನಡುವಿನ ನೂರಾರು ಆರೋಗ್ಯವಂತ ಗಿಡಗಳಿಂದ ತೆನೆ ತೆಗೆಯಬೇಕು. ನಾಟಿ ತಳಿಯ ಶಕ್ತಿ ಅದರೊಳಗಿನ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿದೆ.

4. ಬೀಜವನ್ನು ಚೆನ್ನಾಗಿ ಒಣಗಿಸಿ, ತೇವಾಂಶ ಶೇಕಡ 12ಕ್ಕಿಂತ ಕಡಿಮೆಯಾದ ಮೇಲೆ ಬೂದಿ ಅಥವಾ ಒಣಗಿದ ಬೇವಿನ ಸೊಪ್ಪಿನೊಡನೆ ಶೇಖರಿಸಬೇಕು.

5. ಒಂದು ತಳಿಯ ಬೀಜ ಒಂದೇ ಮನೆಯಲ್ಲಿರಬಾರದು. ಊರಿನಲ್ಲಿ ಕನಿಷ್ಠ ಮೂರು ಮನೆಗಳಲ್ಲಿದ್ದರೆ ಒಂದು ಕಡೆ ಬೆಳೆ ಕೆಟ್ಟರೂ ಬೀಜ ಉಳಿಯುತ್ತದೆ.

ನವದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಬೀಜ ಭಂಡಾರದಲ್ಲಿ 4 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಲಾಗಿದೆ. ಅದು ಅಮೂಲ್ಯವಾದ ಕೆಲಸ. ಆದರೆ ಶೈತ್ಯಾಗಾರದ ಬೀಜ ಇಟ್ಟ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಹೊಲದಲ್ಲಿರುವ ಬೀಜ ವರ್ಷವರ್ಷದ ಮಳೆ, ಬಿಸಿಲು, ರೋಗಗಳಿಗೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಎರಡೂ ಬೇಕು.

ಕೆಲವು ಸಂದೇಹಗಳು

ನಾಟಿ ಬೀಜವನ್ನು ನೆರೆಯವರಿಗೆ ಕೊಡಲು ಅನುಮತಿ ಬೇಕೇ? ಬೇಡ. ಸ್ಥಳೀಯ ಜನರು, ಬೆಳೆಗಾರರು, ನಾಟಿ ವೈದ್ಯರ ರೂಢಿಯ ಬಳಕೆಗೆ ಜೀವವೈವಿಧ್ಯ ಕಾಯಿದೆ ಅಡ್ಡಿ ಮಾಡುವುದಿಲ್ಲ.

ಹೈಬ್ರಿಡ್ ಬೆಳೆಯ ಕಾಳನ್ನು ಬೀಜಕ್ಕೆ ಇಡಬಹುದೇ? ಇಡುವುದು ಲಾಭಕರವಲ್ಲ. ಎರಡನೆಯ ಪೀಳಿಗೆಯಲ್ಲಿ ಗುಣಗಳು ಚೆದುರಿ ಇಳುವರಿ ಕುಗ್ಗುತ್ತದೆ.

ಅಪರಿಚಿತರು ಬಂದು ನಾಟಿ ಬೀಜ, ಬೇರು, ತೊಗಟೆಗಳನ್ನು ಸಂಗ್ರಹಿಸಿದರೆ? ಯಾರ ಪರವಾಗಿ, ಯಾವ ಉದ್ದೇಶಕ್ಕೆ, ಯಾರ ಅನುಮತಿಯಿಂದ ಎಂದು ಕೇಳಿ, ಪಂಚಾಯಿತಿಯ ಸಮಿತಿಗೆ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಗ್ರಾಮ ಸೇವೆಯಲ್ಲಿರುವ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಪಂಚಾಯಿತಿಯ ದಾಖಲೆಯನ್ನು ಒಮ್ಮೆ ತೆರೆದು ನೋಡಬೇಕು. ಅದರಲ್ಲಿ ತಳಿಗಳ ಹೆಸರುಗಳಿವೆಯೇ, ಆ ಹೆಸರುಗಳನ್ನು ಹೇಳಿದ ರೈತರ ಬಳಿ ಇಂದಿಗೂ ಬೀಜವಿದೆಯೇ ಎಂದು ಪರಿಶೀಲಿಸಬೇಕು. ಕೃಷಿ ಮೇಳ, ಕ್ಷೇತ್ರೋತ್ಸವಗಳಲ್ಲಿ ಸುಧಾರಿತ ತಳಿಗಳ ಪಕ್ಕದಲ್ಲಿಯೇ ನಾಟಿ ತಳಿಗಳ ಪ್ರದರ್ಶನಕ್ಕೂ ಬೀಜ ವಿನಿಮಯಕ್ಕೂ ಸ್ಥಳ ಮಾಡಿಕೊಡಬೇಕು. ಅಪರೂಪದ ತಳಿ ಕಂಡುಬಂದರೆ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ ನೋಂದಣಿಗೆ ನೆರವಾಗಬೇಕು.

ರಾಷ್ಟ್ರದ ಯೋಜನೆಯಲ್ಲಿ 23 ಗುರಿಗಳಿವೆ. ಅವುಗಳಲ್ಲಿ ಬಹಳಷ್ಟು ಸರ್ಕಾರದ, ವಿಜ್ಞಾನಿಗಳ, ಕೈಗಾರಿಕೆಗಳ ಕೆಲಸ. ಆದರೆ ಊರಿನ ತಳಿ ಊರಿನಲ್ಲಿ ಉಳಿಯುವುದು ಮಾತ್ರ ರೈತನಿಂದಲೇ ಆಗಬೇಕು. ಆದುದರಿಂದ ನಾಟಿ ಬೀಜ ಇರುವ ಪ್ರತಿಯೊಬ್ಬ ರೈತನೂ ಬರುವ ಹಂಗಾಮಿನಲ್ಲಿ ಒಂದೆರಡು ಗುಂಟೆಯಲ್ಲಿ ಅದನ್ನು ಬಿತ್ತಿ, ಒಂದು ಸೇರು ಬೀಜವನ್ನು ನೆರೆಯ ರೈತನಿಗೆ ಕೊಟ್ಟು, ಅದರ ಹೆಸರನ್ನು ಪಂಚಾಯಿತಿಯ ದಾಖಲೆಯಲ್ಲಿ ಬರೆಸುವುದು ಒಳ್ಳೆಯದು. ಬಿತ್ತನೆಯ ಕಾಲ ತಪ್ಪಿದರೆ ಬೀಜ ಇನ್ನೊಂದು ವರ್ಷ ಹಳೆಯದಾಗುತ್ತದೆ.